ಮೊದಲು ಕೇಳಿ, ಆಮೇಲೆ ಬೋರ್ಡು ಹಾಕಿ: ನ್ಯೂಜಿಲೆಂಡಿನ ಗ್ರೀನ್ ಪಕ್ಷದ ನಾಯಕರಿಗೊಂದು ಬಹಿರಂಗ ಪತ್ರ

ಮಾನ್ಯ ಮರಾಮಾ ಡೇವಿಡ್ಸನ್ ಮತ್ತು ಕ್ಲೋಯಿ ಸ್ವಾರ್ಬ್ರಿಕ್ ಅವರೇ,

ಕಿಯಾ ಓರಾ, ನಮಸ್ಕಾರ. ಕನ್ನಡದಲ್ಲಿ ಬರೆದರೆ ನೀವು ಓದಲ್ಲ ಅಂತ ಗೊತ್ತು. ನ್ಯೂಜಿಲೆಂಡಿನಲ್ಲಿ ನಿಮಗೆ ಓಟು ಹಾಕುವ ಕನ್ನಡದವರಾದರೂ ಓದಲಿ.

ನಾನು ಲೋವರ್ ಹಟ್‌ನಲ್ಲಿ ಇರುವವನು. ಪರ್ಮನೆಂಟ್ ರೆಸಿಡೆಂಟ್‌ಗಳಿಗೂ ಈ ದೇಶ ಓಟು ಕೊಡುತ್ತದೆ, ನನ್ನ ಮೊದಲ ಓಟೇ ನಿಮಗೆ. 2023ರಲ್ಲಿ ಮಳೆಯಲ್ಲಿ ನೆನೆದು ಕರಪತ್ರ ಹಂಚಿದೆ. ಮೂರು ದಿನ ಜ್ವರ. ಹೆಂಡತಿ ಕಷಾಯ ಕೊಡುತ್ತಾ "ನಿಮಗ್ಯಾಕ್ರೀ ಇದೆಲ್ಲ" ಅಂದಳು. ಜ್ವರ ಬಿಡಿ, ವಾಸಿಯಾಯಿತು. ವಾಸಿಯಾಗದ್ದು ಬೇರೆ ಇದೆ.

ನಮ್ಮ ಬೀದಿಯ ಕೊನೆ ಮನೆಯ ಅಜ್ಜಿ ಈ ನೆಲದ ಮೂಲನಿವಾಸಿ ಮಾವೊರಿಗಳಲ್ಲಿ ತೆ ಔಪೌರಿ ಬುಡಕಟ್ಟಿನವರು. ಕನ್ನಡಕ ಹುಡುಕಿ ಹಾಕಿಕೊಂಡು ಕರಪತ್ರದ ಎರಡೂ ಬದಿ ಓದಿದರು. ನೀಟಾಗಿ ಮಡಚಿ ವಾಪಸ್ ನನ್ನ ಕೈಯಲ್ಲೇ ಇಟ್ಟರು. "ನಮ್ಮ ರಂಗಿತಾಹುವಾ ಸಮುದ್ರಕ್ಕೆ ಬೀಗ ಹಾಕೋಕೆ ಹೊರಟಾಗ ನಮ್ಮನ್ನ ಕೇಳಿದ್ರಾ?" ಅಷ್ಟೇ. ಬೂಟಿನಿಂದ ನೀರಿಳಿದು ಅವರ ಕಾಲೊರೆಸು ಒದ್ದೆಯಾಗುತ್ತಿತ್ತು, ನಾನು ಸುಮ್ನೆ ನಿಂತಿದ್ದೆ.

ರಂಗಿತಾಹುವಾ, ಅಂದರೆ ಕರ್ಮಡೆಕ್ ದ್ವೀಪಗಳ ಕಥೆ ನಿಮಗೆ ನಾನು ಹೇಳಬೇಕಾ? 2015ರಲ್ಲಿ ಪ್ರಧಾನಿ ಜಾನ್ ಕೀ ನ್ಯೂಯಾರ್ಕಿಗೆ ಹೋಗಿ 6,20,000 ಚದರ ಕಿಲೋಮೀಟರ್ ಸಮುದ್ರದಲ್ಲಿ ಇನ್ನು ಮೀನು ಹಿಡಿಯುವಂತಿಲ್ಲ ಅಂತ ಸಾರಿದರು. ಅಲ್ಲಿ ಮಾವೊರಿಗಳಿಗೆ ಸರ್ಕಾರದ ಜೊತೆಗಿನ 1992ರ ಒಪ್ಪಂದದಿಂದ ಬಂದ ಮೀನುಗಾರಿಕೆಯ ಹಕ್ಕಿತ್ತು. ಅವರನ್ನು ಸರಿಯಾಗಿ ಕೇಳಲೇ ಇಲ್ಲ. 2016ರಲ್ಲಿ ಮಾವೊರಿ ಮೀನುಗಾರಿಕೆ ಸಂಸ್ಥೆ ತೆ ಓಹು ಕೈಮೋವಾನಾ ಕೋರ್ಟಿಗೆ ಹೋಯಿತು. ಘೋಷಣೆ ನಿಮ್ಮದಲ್ಲ, ಒಪ್ಪುತ್ತೇನೆ. ಆದರೆ ಅದರ ಪರ ನಿಂತಿದ್ದು ನೀವೂ ಅಲ್ವಾ? "ಮಾವೊರಿಗಳ ಜೊತೆ ಸೇರಿ" ಅನ್ನುವ ಮಾತು 2017ರಲ್ಲಿ ಲೇಬರ್ ಪಕ್ಷದ ಜೊತೆಗಿನ ನಿಮ್ಮ ಒಪ್ಪಂದದಲ್ಲಿ ಬಂತು, ಅಂದರೆ ಮದುವೆ ಊಟ ಮುಗಿದ ಮೇಲೆ ಹುಡುಗಿಯನ್ನು ಒಪ್ಪಿಗೆಯಾ ಅಂತ ಕೇಳಿದ ಹಾಗೆ. ಕೊನೆಗೆ 2024ರಲ್ಲಿ ಆ ಸಮುದ್ರ ಉಳಿಸುವ ಮಸೂದೆಯನ್ನೇ ಸರ್ಕಾರ ಕೈಬಿಟ್ಟಿತು. ಸಮುದ್ರವೂ ಉಳಿಯಲಿಲ್ಲ, ನಂಬಿಕೆಯೂ ಉಳಿಯಲಿಲ್ಲ.

ನಾನು ಹುಣಸೂರು ಕಡೆಯವನು. ಹುಲಿ ಉಳಿಸುತ್ತೇವೆ ಅಂತ ನಾಗರಹೊಳೆಯಿಂದ ಜೇನು ಕುರುಬರನ್ನು ಎಬ್ಬಿಸಿದ್ದು ಗೊತ್ತು. ಹಾಗಾಗಿ ಅಜ್ಜಿಯ ಪ್ರಶ್ನೆ ಸ್ವಲ್ಪ ಜಾಸ್ತಿಯೇ ಚುಚ್ಚಿತು.

ರೂಲ್ ನಿಮಗೆ ಗೊತ್ತು, ಬರೆದವರೇ ನೀವು. ಇಬ್ಬರು ಸಹನಾಯಕರಲ್ಲಿ ಒಬ್ಬರು ಮಾವೊರಿ ಆಗಿರಲೇಬೇಕು ಅಂತ 2022ರಲ್ಲಿ ಪಕ್ಷದ ನಿಯಮಕ್ಕೇ ಸೇರಿಸಿದಿರಿ. ಮಾವೊರಿ ಸದಸ್ಯರಿಗೆ ತೆ ರೋಪು ಪೌನಾಮು ಅಂತ ಬಳಗವೂ ಇದೆ. ಒಳ್ಳೆಯದೇ, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆದರೂ 2023ರ ಚುನಾವಣೆಯಲ್ಲಿ ಮಾವೊರಿಗಳಿಗೆಂದೇ ಇರುವ ಏಳು ಕ್ಷೇತ್ರಗಳಲ್ಲಿ ನೀವು ಗೆದ್ದಿದ್ದು ಸೊನ್ನೆ. ವೇದಿಕೆ ಮೇಲೆ ಕುರ್ಚಿ ಹಾಕಿದಿರಿ, ಅಡುಗೆ ಮನೆಗೆ ಕರೆಯಲಿಲ್ಲ ಅಂತ ಅವರಿಗೆ ಅನಿಸಿದರೆ ತಪ್ಪೇನು?

ಕೇಳುವುದು ಒಂದೇ. ಸಮುದ್ರವೋ ಕಾಡೋ ನದಿಯೋ, ನೀತಿ ಬರೆಯುವ ಮೊದಲು ಆ ಜಾಗದ ಬುಡಕಟ್ಟನ್ನು ಕೇಳಿ. ಬರೆದಾದ ಮೇಲೆ ಅಲ್ಲ, ಬರೆಯುವ ಮೊದಲು. ಬೇಡ ಅಂದರೆ ನಿಲ್ಲಿಸಿ, ಮತ್ತೆ ಕೂತು ಮಾತಾಡಿ. ಮೊದಲು ಕೇಳಿ, ಅಷ್ಟೇ.

ಮುಂದಿನ ಸಲವೂ ಆ ಅಜ್ಜಿಯ ಬಾಗಿಲು ನನ್ನ ಬೀದಿಯಲ್ಲೇ ಇರುತ್ತದೆ. ಅವರಿಗೆ ಹೇಳಲು ಒಂದು ಉತ್ತರ ಕೊಡಿ. ಅಲ್ಲಿಯವರೆಗೆ ಉಳಿದ ಕರಪತ್ರದ ಕಟ್ಟು ನನ್ನ ಗ್ಯಾರೇಜಿನಲ್ಲೇ ಇರಲಿ.

ಇಂತಿ,
ಲೋವರ್ ಹಟ್‌ನ ಒಬ್ಬ ಮತದಾರ