ಹಳೇ ರಾಕ್ಷಸರನ್ನು ಎಬ್ಬಿಸುವ ಮೊದಲು

ಪ್ರೀತಿಯ ತಮ್ಮನಿಗೆ,

ನಿನ್ನ ಕಾಮಿಕ್ಸ್ ಸ್ಕ್ರಿಪ್ಟ್ ಪೂರ್ತಿ ಓದಿದೆ. ಅದರ ಜೊತೆ ನೀನು ಕೇಳಿದ ಪ್ರಶ್ನೆಯನ್ನೂ ಓದಿದೆ. "ಅಕ್ಕಾ, ಡ್ರಾಕುಲಾ, ಫ್ರಾಂಕನ್‌ಸ್ಟೈನ್, ತೋಳಮನುಷ್ಯ ಇವರನ್ನೆಲ್ಲ ನೋಡಿ ಈಗ ಯಾರು ಹೆದರ್ತಾರೆ? ಈಗಿನ ಓದುಗರ ಮುಂದೆ ಇವರನ್ನು ಮತ್ತೆ ತರೋದು ಹೇಗೆ?" ಅಂತ ಕೇಳಿದ್ದೀಯ. ನೀನು ಕಂಡುಕೊಂಡ ಉತ್ತರ ಸ್ಕ್ರಿಪ್ಟಿನಲ್ಲೇ ಇದೆ. ಫ್ರಾಂಕನ್‌ಸ್ಟೈನನ ರಾಕ್ಷಸನನ್ನು ಬೆಂಗಳೂರಿನ ಒಂದು ಲ್ಯಾಬಿಗೆ ತಂದು, ಎತ್ತರ ಜಾಸ್ತಿ ಮಾಡಿ, ಪುಟಪುಟಕ್ಕೂ ರಕ್ತ ಹರಿಸಿದ್ದೀಯ. ಇದು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಸಮಾಧಾನವಾಗಿ ಹೇಳುತ್ತೇನೆ, ಕೇಳು.

ಹಳೇ ರಾಕ್ಷಸನನ್ನು ಎಬ್ಬಿಸಬೇಕಾದರೆ ಮೊದಲು ಅವನ ಹಳೇ ಕತೆಯನ್ನು ಕೂತು ಓದಬೇಕು. ಆ ಕತೆಯಲ್ಲಿ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದು ಕೈಗೆ ಸಿಗುವ ತನಕ ಹೊಸ ಪುಟ ಬರೆಯಬೇಡ.

ಇದಕ್ಕೆ ನಾನು ಯಾವಾಗಲೂ ತೋರಿಸುವುದು ಸ್ವಾಂಪ್ ಥಿಂಗ್ ಅನ್ನುವ ಕಾಮಿಕ್ಸ್ ರಾಕ್ಷಸನನ್ನು. ಪಾಚಿ, ಬೇರು, ಕೆಸರಿನ ಮೈಯವನು. 1971ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಕಂಪನಿಯ 'ಹೌಸ್ ಆಫ್ ಸೀಕ್ರೆಟ್ಸ್' ಪತ್ರಿಕೆಯ 92ನೇ ಸಂಚಿಕೆಯಲ್ಲಿ ಒಂದು ಸಣ್ಣ ಕತೆಯಾಗಿ ಬಂದ. ಬರೆದವರು ಲೆನ್ ವೀನ್, ಚಿತ್ರ ಬರ್ನಿ ರೈಟ್ಸನ್ ಅವರದು. ಒಬ್ಬನ ಹೆಂಡತಿಯ ಮೇಲೆ ಅವನ ಗೆಳೆಯನ ಕಣ್ಣು. ಗೆಳೆಯನೇ ಅವನನ್ನು ಕೊಲ್ಲುತ್ತಾನೆ. ಸತ್ತವನು ಜೌಗಿನಿಂದ ಎದ್ದು ಬಂದು ಹೆಂಡತಿಯ ಜೀವ ಉಳಿಸುತ್ತಾನೆ. ಆದರೆ ಬಾಯಿಂದ ಮಾತು ಹೊರಡುವುದಿಲ್ಲ, ಅವಳಿಗೆ ಗುರುತೂ ಸಿಗುವುದಿಲ್ಲ. ತಿರುಗಿ ಜೌಗಿನ ಕಡೆಗೇ ನಡೆಯುತ್ತಾನೆ. ಅಷ್ಟೇ ಕತೆ. ಓದುಗರು ಮೆಚ್ಚಿದರು. ಮರುವರ್ಷ ಅದೇ ರೂಪಕ್ಕೆ ಹೊಸ ಹೆಸರು, ಹೊಸ ಕಾಲ ಕೊಟ್ಟು ಸರಣಿ ಶುರು ಮಾಡಿದರು. ಆಲೆಕ್ ಹಾಲೆಂಡ್ ಅನ್ನುವ ವಿಜ್ಞಾನಿಯ ಲ್ಯಾಬಿನಲ್ಲಿ ಬಾಂಬ್ ಸಿಡಿಯುತ್ತದೆ. ಮೈಗೆ ಬೆಂಕಿ ಹತ್ತಿ ಅವನು ತನ್ನದೇ ರಾಸಾಯನಿಕದ ಸಮೇತ ಜೌಗಿಗೆ ಬೀಳುತ್ತಾನೆ. ಅಲ್ಲಿಂದ ಗಿಡಮನುಷ್ಯ ಏಳುತ್ತಾನೆ. ಮತ್ತೆ ಮನುಷ್ಯನಾಗಬೇಕು ಅನ್ನುವುದೊಂದೇ ಅವನ ಆಸೆ.

ಈ ಸರಣಿ ಸ್ವಲ್ಪ ಕಾಲ ಓಡಿ ನಿಂತಿತು. 1982ರಲ್ಲಿ ಮತ್ತೆ ಶುರುವಾಗಿ ಮತ್ತೆ ಸೊರಗಿತು. ಆಗ ಬರೆಯುವ ಕೆಲಸವನ್ನು ಇಂಗ್ಲೆಂಡಿನ ಆಲನ್ ಮೂರ್ ಕೈಗೆ ಕೊಟ್ಟರು. ಚಿತ್ರ ಬಿಡಿಸುತ್ತಿದ್ದವರು ಸ್ಟೀಫನ್ ಬಿಸೆಟ್ ಮತ್ತು ಜಾನ್ ಟೋಟಲ್‌ಬೆನ್. ಮೂರ್ ತಮ್ಮ ಮೊದಲ ಸಂಚಿಕೆಯಲ್ಲಿ ಹಳೇ ಎಳೆಗಳನ್ನು ಕಟ್ಟಿ ಮುಗಿಸಿ, ನಾಯಕನನ್ನು ಗುಂಡಿಕ್ಕಿ ಕೊಲ್ಲಿಸಿದರು. ಮುಂದಿನದು 1984ರ ಫೆಬ್ರವರಿಯ 21ನೇ ಸಂಚಿಕೆ. ಅದನ್ನು ಹೇಗಾದರೂ ಹುಡುಕಿ ಓದು.

ಆ ಸಂಚಿಕೆಯಲ್ಲಿ ಸ್ವಾಂಪ್ ಥಿಂಗ್‌ನ ಹೆಣ ಫ್ರೀಜರಿನಲ್ಲಿದೆ. ಸಂಡರ್‌ಲ್ಯಾಂಡ್ ಅನ್ನುವ ಮುದುಕ ಧಣಿ, ವುಡ್ರೂ ಎಂಬ ಸಸ್ಯವಿಜ್ಞಾನಿಯನ್ನು ಜೈಲಿನಿಂದ ಬಿಡಿಸಿ ತಂದು ಹೆಣ ಕೊಯ್ಯಲು ಹೇಳಿದ್ದಾನೆ. ವುಡ್ರೂ ಕೊಯ್ಯುತ್ತಾನೆ. ಒಳಗೆ ಶ್ವಾಸಕೋಶದ ಹಾಗೆ ಏನೋ ಇದೆ, ಉಸಿರಾಡಲು ಬರುವುದಿಲ್ಲ. ಹೃದಯದ ಹಾಗೆ ಏನೋ ಇದೆ, ರಕ್ತ ತಳ್ಳಲು ಬರುವುದಿಲ್ಲ. ಎಲ್ಲ ನಾರು, ಎಲ್ಲ ಸೊಪ್ಪು. ಒಂದು ಗಿಡ ಮನುಷ್ಯನ ಒಳಾಂಗಗಳನ್ನು ನೋಡಿ ನಕಲು ಮಾಡಿದಂತಿದೆ. ಯಾಕೆ ಅಂತ ಅವನಿಗೆ ಹೊಳೆಯುವುದಿಲ್ಲ. ಆಮೇಲೆ ಒಂದು ಹುಳದ ಪ್ರಯೋಗ ನೆನಪಾಗುತ್ತದೆ. ಪಾಠ ಕಲಿತ ಹುಳವನ್ನು ಅರೆದು ಬೇರೆ ಹುಳಗಳಿಗೆ ತಿನ್ನಿಸಿದರೆ, ತಿಂದವಕ್ಕೂ ಆ ಪಾಠ ಬರುತ್ತದೆ ಅನ್ನುವ ವಾದ. ಅಲ್ಲಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಆಲೆಕ್ ಹಾಲೆಂಡ್ ಆ ರಾತ್ರಿಯೇ ಸತ್ತ. ಅವನ ಹೆಣವನ್ನು ಜೌಗಿನ ಗಿಡಗಳು ತಿಂದವು. ಜೊತೆಗೆ ಅವನ ನೆನಪನ್ನೂ ತಿಂದವು. ಎದ್ದು ಬಂದದ್ದು, ತಾನೇ ಆಲೆಕ್ ಎಂದು ನಂಬಿಕೊಂಡ ಒಂದು ಗಿಡ. ಮತ್ತೆ ಮನುಷ್ಯನಾಗಲು ಅದಕ್ಕೆ ದಾರಿಯೇ ಇಲ್ಲ, ಯಾಕೆಂದರೆ ಅದು ಯಾವತ್ತೂ ಮನುಷ್ಯನಾಗಿರಲಿಲ್ಲ.

ಕೆಲಸ ಮುಗಿಯಿತು ಅಂತ ಮುದುಕ ವುಡ್ರೂನನ್ನು ಹೊರಗೆ ಹಾಕುತ್ತಾನೆ. ವುಡ್ರೂ ಹೋಗುವಾಗ ಫ್ರೀಜರಿನ ತಂಪು ಇಳಿಯುವ ಹಾಗೆ ಮಾಡಿ ಹೋಗುತ್ತಾನೆ. ತಲೆಗೆ ಗುಂಡು ಹೊಡೆದರೆ ಗಿಡ ಸಾಯುತ್ತದೆಯೇ? ಅದು ಏಳುತ್ತದೆ. ಎದ್ದು, ತನ್ನ ಬಗ್ಗೆ ವುಡ್ರೂ ಬರೆದಿಟ್ಟ ವರದಿಯನ್ನು ಓದುತ್ತದೆ.

ಇದರಲ್ಲಿ ಮೂರ್ ಏನು ಮಾಡಿದರು ನೋಡು. ವೀನ್ ಬರೆದ ಒಂದು ಘಟನೆಯನ್ನೂ ಅಳಿಸಲಿಲ್ಲ. ಬಾಂಬ್, ಬೆಂಕಿ, ಜೌಗು ಎಲ್ಲ ಇದ್ದಲ್ಲೇ ಇವೆ. "ಆ ಮೈಯೊಳಗೆ ನಿಜವಾಗಿ ಏನಿದೆ?" ಅಂತ ಮಾತ್ರ ಕೇಳಿದರು. ಅಷ್ಟು ವರ್ಷ ಸರಣಿ ಓದಿದ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಇನ್ನೊಂದು ಸಂಗತಿ: ಸಂಚಿಕೆಯ ಬಹುಪಾಲು ರಾಕ್ಷಸ ಅಲುಗಾಡದೆ ಮಲಗಿರುತ್ತಾನೆ. ಕೂಗಾಟವಿಲ್ಲ, ಓಡಾಟವಿಲ್ಲ. ಒಬ್ಬ ಮನುಷ್ಯ ಮಾತಾಡುತ್ತಾ ಕೊಯ್ಯುತ್ತಾ ಹೋಗುತ್ತಾನೆ, ನಮ್ಮ ಮೈ ತಣ್ಣಗಾಗುತ್ತಾ ಹೋಗುತ್ತದೆ. ನಿನ್ನ ರಾಕ್ಷಸ ಮೊದಲ ಪುಟದಿಂದಲೇ ಗೋಡೆ ಒಡೆಯುತ್ತಿದ್ದಾನೆ, ಅಲ್ವಾ?

ಅಂದ ಹಾಗೆ, ಬೇರೆಯವರ ರಾಕ್ಷಸನನ್ನು ಎತ್ತಿಕೊಳ್ಳುವುದಕ್ಕೆ ನಾಚಿಕೆ ಬೇಡ. ಜೌಗಿನಿಂದ ಎದ್ದ ಮನುಷ್ಯ 1942ರಲ್ಲೇ 'ಹೀಪ್' ಅನ್ನುವ ಹೆಸರಿನಲ್ಲಿ ಕಾಮಿಕ್ಸಿಗೆ ಬಂದಿದ್ದ. 1971ರಲ್ಲೇ ಮಾರ್ವೆಲ್‌ನ ಮ್ಯಾನ್-ಥಿಂಗ್ ಕೂಡ ಬಂದ. ವೀನ್ ಅವರಿಗೂ ಇದು ಹಳೇ ಸರಕೇ.

ಈಗ ನಿನ್ನ ಫ್ರಾಂಕನ್‌ಸ್ಟೈನ್ ವಿಷಯ. ಹೆಣಗಳ ಭಾಗ ಜೋಡಿಸಿ ರಾಕ್ಷಸನಿಗೆ ಜೀವ ಕೊಡುವ ವಿಜ್ಞಾನಿಯ ಕತೆ ಅದು. ಮೇರಿ ಶೆಲ್ಲಿ ಕಾದಂಬರಿ ಬಂದದ್ದು 1818ರಲ್ಲಿ. ಆಗಿನ ಇಂಗ್ಲೆಂಡಿನ ಓದುಗರಿಗೆ ಹೆಣ ಕದಿಯುವುದು ಕಟ್ಟುಕತೆ ಆಗಿರಲಿಲ್ಲ. ವೈದ್ಯ ಶಾಲೆಗಳಿಗೆ ಕೊಯ್ದು ಕಲಿಯಲು ಹೆಣ ಬೇಕಿತ್ತು. ಕಾನೂನಿನ ಪ್ರಕಾರ ಸಿಗುತ್ತಿದ್ದದ್ದು ಗಲ್ಲಿಗೇರಿದ ಕೊಲೆಗಾರರ ಹೆಣ. ಅದು ಎಲ್ಲಿಗೂ ಸಾಲುತ್ತಿರಲಿಲ್ಲ. ಹಾಗಾಗಿ ರಾತ್ರಿ ಗೋರಿ ಅಗೆದು ಕದ್ದು ಮಾರುವವರಿದ್ದರು. ಮೇರಿಯ ತಾಯಿಯನ್ನು ಹೂತಿದ್ದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲೂ ಈ ಕಾಟ ಇತ್ತು. ಹಣ ಇದ್ದವರು ಗೋರಿಗೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರು. ಬಡವರು ಏನು ಮಾಡಬೇಕಿತ್ತು? ಕೊನೆಗೆ 1832ರಲ್ಲಿ ಒಂದು ಕಾಯ್ದೆ ಬಂತು. ವಾರಸುದಾರರಿಲ್ಲದ ಹೆಣಗಳನ್ನು ವೈದ್ಯ ಶಾಲೆಗೆ ಕೊಡಬಹುದು ಅಂತ ಆಯಿತು. ಅಂದರೆ, ಹೆಚ್ಚಾಗಿ ಅನಾಥ ಬಡವರ ಹೆಣ.

ಇಷ್ಟು ತಿಳಿದುಕೊಂಡ ಮೇಲೆ ರಾಕ್ಷಸನ ಕೈಯನ್ನು ಮತ್ತೊಮ್ಮೆ ನೋಡು. ಅದು ಯಾರ ಕೈ? ಮೈಕೆಲ್ ವಾಲ್ಶ್ ಅನ್ನುವ ಕಾಮಿಕ್ಸ್ ಕಲಾವಿದ 2024ರಲ್ಲಿ ಇದನ್ನೇ ಕೇಳಿದರು. ಯೂನಿವರ್ಸಲ್ ಕಂಪನಿಯ ಹಳೇ ಸಿನಿಮಾ ರಾಕ್ಷಸರನ್ನು ಸ್ಕೈಬೌಂಡ್ ಅನ್ನುವ ಪ್ರಕಾಶನ 2023ರಿಂದ ಕಾಮಿಕ್ಸ್ ಆಗಿ ತರುತ್ತಿದೆ. ಅದರಲ್ಲಿ ಫ್ರಾಂಕನ್‌ಸ್ಟೈನ್ ವಾಲ್ಶ್ ಪಾಲಿಗೆ ಬಂತು. ಅವರು ಕತೆಯ ನಡುವೆ ಅಪ್ಪನನ್ನು ಕಳೆದುಕೊಂಡ ಒಬ್ಬ ಹುಡುಗನನ್ನು ತಂದು ನಿಲ್ಲಿಸಿದರು. ಕದ್ದ ಹೆಣಗಳಲ್ಲಿ ಒಂದು ಅವನ ಅಪ್ಪನದು. ಅಷ್ಟು ಸಾಕು. ಎಲ್ಲರೂ ನೂರು ಸಲ ನೋಡಿದ ಆ ಹೊಲಿಗೆ ಹಾಕಿದ ಮೈ ನೋಡಿದರೆ ಈಗ ಕರುಳು ಹಿಂಡುತ್ತದೆ.

ಇಲ್ಲೇ ನಿನ್ನ ಸ್ಕ್ರಿಪ್ಟಿನಲ್ಲಿ ನನಗೆ ಹಿಡಿಸಿದ ಒಂದು ಜಾಗ ಇದೆ. ಶವಾಗಾರದ ವಾಚ್‌ಮನ್ ರಿಜಿಸ್ಟರಿಗೆ ಸಹಿ ಹಾಕಿ ಹೆಣ ಹೊರಗೆ ಕಳಿಸುತ್ತಾನೆ. ಒಂದೇ ಪ್ಯಾನೆಲ್ (ಒಂದು ಚಿತ್ರದ ಚೌಕ), ಆಮೇಲೆ ಅವನು ಪತ್ತೆಯಿಲ್ಲ. ತಮ್ಮಾ, ನಿನ್ನ ಕತೆ ಇರುವುದೇ ಅಲ್ಲಿ. ನಮ್ಮ ರಾಜ್ಯದಲ್ಲೂ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರಿಲ್ಲದ ಶವಗಳು ಅದರಡಿ ಮೆಡಿಕಲ್ ಕಾಲೇಜಿಗೆ ಹೋಗುತ್ತವೆ. ಅದರಿಂದ ಡಾಕ್ಟರುಗಳು ಕಲಿಯುತ್ತಾರೆ, ಅದು ಬೇಕಾದದ್ದೇ. ಆದರೆ ಊರು ಬಿಟ್ಟು ಕೂಲಿಗೆ ಬಂದವನು ಇಲ್ಲಿ ಸತ್ತರೆ, ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಅವನು "ವಾರಸುದಾರರಿಲ್ಲ" ಅಂತ ಆಗಿಬಿಟ್ಟರೆ? ಆರು ತಿಂಗಳಾದ ಮೇಲೆ ಅವನ ಅಕ್ಕ ಹುಡುಕಿಕೊಂಡು ಬಂದರೆ? ರಿಜಿಸ್ಟರಿನಲ್ಲಿ ಸಹಿ ಇರುವವನು ಅವಳ ಮುಖ ನೋಡಬೇಕು. 1818ರ ಭಯಕ್ಕೂ ನಿನ್ನ ವಾಚ್‌ಮನ್ನನಿಗೂ ನೇರ ಸಂಬಂಧ ಇದೆ. ಇದನ್ನು ನೀನು ಗೊತ್ತಿಲ್ಲದೇ ಬರೆದಿದ್ದೀಯ. ಈಗ ಗೊತ್ತಿದ್ದು ಬರಿ.

ಹೊರಗಿನ ರಾಕ್ಷಸನನ್ನು ನಮ್ಮ ನೆಲಕ್ಕೆ ತರಬಹುದೇ ಅಂದರೆ, ಖಂಡಿತ ತರಬಹುದು. ಬರುವುದಕ್ಕೆ ಅವನಿಗೊಂದು ಕಾರಣ ಇರಬೇಕು ಅಷ್ಟೇ. ರಾಮ್ ವಿ ಬರೆದು ಸುಮಿತ್ ಕುಮಾರ್ ಚಿತ್ರ ಬಿಡಿಸಿದ 'ದೀಸ್ ಸ್ಯಾವೇಜ್ ಶೋರ್ಸ್' ಕಾಮಿಕ್ಸ್ ನೋಡು. 1766. ಈಸ್ಟ್ ಇಂಡಿಯಾ ಕಂಪನಿಯ ಕಾಲ, ಹೈದರ್ ಅಲಿಯ ಮೈಸೂರು ಸೈನ್ಯ ಮಲಬಾರಿಗೆ ಇಳಿದ ವರ್ಷ. ಇಂಗ್ಲೆಂಡಿನಿಂದ ಡ್ರಾಕುಲಾನಂಥ ಒಬ್ಬ ರಕ್ತಪಿಪಾಸು ಹಡಗು ಹತ್ತಿ ಆ ಕರಾವಳಿಗೆ ಬರುತ್ತಾನೆ. ಇಲ್ಲಿಯವರು ಸುಲಭದ ಬೇಟೆ ಅಂತ ಅವನ ಲೆಕ್ಕ. ಆದರೆ ಈ ನೆಲದಲ್ಲಿ ಅವನಿಗಿಂತ ಹಳೆಯದೊಂದು ಇದೆ. ಕಂಪನಿ ಯಾಕೆ ಬಂತೋ ಇವನೂ ಅದಕ್ಕೇ ಬಂದ. ಹಾಗಾಗಿ ಅವನು ಇಲ್ಲಿರುವುದು ಎಲ್ಲೂ ಕೃತಕ ಅನ್ನಿಸುವುದಿಲ್ಲ. ಇದೇ ರಾಮ್ ವಿ ಮುಂದೆ 2021ರಲ್ಲಿ ಸ್ವಾಂಪ್ ಥಿಂಗ್ ಬರೆದಾಗ, ಆಲೆಕ್ ಜಾಗಕ್ಕೆ ಲೆವಿ ಕಾಮೇಯ್ ಎಂಬ ಭಾರತೀಯನನ್ನು ತಂದು, ಕತೆಯನ್ನು ಅಸ್ಸಾಮಿನ ಕಾಜಿರಂಗದ ಕಡೆಗೆ ತಿರುಗಿಸಿದರು. ನಿನ್ನ ರಾಕ್ಷಸ ಬೆಂಗಳೂರಿಗೆ ಯಾಕೆ ಬಂದ? ನಿನ್ನ ಸ್ಕ್ರಿಪ್ಟಿನಲ್ಲಿ ಸುಮ್ನೆ ಬಂದಿದ್ದಾನೆ.

ರಕ್ತದ ಬಗ್ಗೆ ಒಂದು ಮಾತು. 1950ರ ದಶಕದಲ್ಲಿ ಇಸಿ ಕಂಪನಿಯ ಭಯದ ಕಾಮಿಕ್ಸ್ ಅಮೆರಿಕದಲ್ಲಿ ಮನೆಮಾತಾಗಿದ್ದವು. ಅವುಗಳಲ್ಲಿ ವಿಕಾರ ಮುಖದ ಒಬ್ಬ ಕತೆಗಾರ ಬಂದು ಕತೆ ಶುರು ಮಾಡುತ್ತಿದ್ದ. ಇಂಥವರ ಬಾಯಿಂದ ಕತೆ ಕೇಳುವುದು ಚಂದಮಾಮದ ಬೇತಾಳನನ್ನು ಓದಿದ ನಮಗೆ ಹೊಸದೇನಲ್ಲ. ಇಂಥ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಯೇ ಅಂತ 1954ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು, ಅದೇ ವರ್ಷ ಪ್ರಕಾಶಕರೇ ಸೇರಿ ಏನು ತೋರಿಸಬಾರದು ಅನ್ನುವ ಕಾಮಿಕ್ಸ್ ಕೋಡ್ ಮಾಡಿಕೊಂಡರು. ರಕ್ತಪಿಪಾಸು, ತೋಳಮನುಷ್ಯ, ನಡೆಯುವ ಹೆಣ ಎಲ್ಲಕ್ಕೂ ನಿಷೇಧ. 1971ರಲ್ಲಿ ಕೋಡ್ ಸಡಿಲವಾಯಿತು. ಆದರೂ ಮಾರ್ವೆಲ್‌ನ 'ಟೂಂಬ್ ಆಫ್ ಡ್ರಾಕುಲಾ' 1972ರಿಂದ 79ರ ತನಕ 70 ಸಂಚಿಕೆ ಓಡಿದ್ದು ಆ ಕೋಡಿನ ಅಡಿಯಲ್ಲೇ. ಹೆಚ್ಚು ರಕ್ತ ತೋರಿಸುವ ಹಾಗಿರಲಿಲ್ಲ. ಹಾಗಾದರೆ ಓಡಿದ್ದು ಯಾವುದರ ಮೇಲೆ? ಜೀನ್ ಕೋಲನ್ ಬಿಡಿಸಿದ ನೆರಳುಗಳ ಮೇಲೆ, ಮಾರ್ವ್ ವುಲ್ಫ್‌ಮನ್ ಬರೆದ ಬೇಟೆಗಾರರ ಮೇಲೆ. ಗಾಲಿಕುರ್ಚಿಯಲ್ಲಿ ಕೂತ ಮುದುಕ ಕ್ವಿನ್ಸಿ ಹಾರ್ಕರ್, ಹೆರಿಗೆಯ ಹೊತ್ತಲ್ಲಿ ತಾಯಿ ರಕ್ತಪಿಪಾಸುವಿಗೆ ಬಲಿಯಾದ ಬ್ಲೇಡ್, ಹೀಗೆ ಒಬ್ಬೊಬ್ಬರಿಗೂ ಡ್ರಾಕುಲಾನ ಕುಲದ ಮೇಲೆ ತಮ್ಮದೇ ಲೆಕ್ಕ ಬಾಕಿ ಇತ್ತು. ನಿನ್ನಲ್ಲಿ ರಾಕ್ಷಸನನ್ನು ಬೆನ್ನಟ್ಟುವ ಪೊಲೀಸರಿಗೆ ಹೆಸರೂ ಇಲ್ಲ.

ಇನ್ನು ಪುಟದ ಲೆಕ್ಕ. ಸಿನಿಮಾದವರು ಸದ್ದು ಮಾಡಿ ಬೆಚ್ಚಿಬೀಳಿಸಬಹುದು, ನಮಗೆ ಅದಿಲ್ಲ. ಓದುಗ ತನ್ನ ವೇಗದಲ್ಲಿ ಓದುತ್ತಾನೆ, ಪುಟ ತೆರೆದ ಕೂಡಲೇ ಎರಡೂ ಕಡೆ ಕಣ್ಣಾಡಿಸುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ. ನೀನು 6ನೇ ಪುಟದಲ್ಲಿ ಬಾಗಿಲು ತಟ್ಟಿಸಿ 7ರಲ್ಲಿ ರಾಕ್ಷಸನನ್ನು ತೋರಿಸಿದ್ದೀಯ. ಬಾಗಿಲು ತಟ್ಟುವ ಮೊದಲೇ ಅವನು ಕಣ್ಣಿಗೆ ಬಿದ್ದಿರುತ್ತಾನೆ. ತಟ್ಟುವುದು 7ರ ಕೊನೆ ಪ್ಯಾನೆಲ್‌ಗೆ ಹೋಗಲಿ, ಅವನು 8ಕ್ಕೆ ಹೋಗಲಿ. ನಡುವೆ ಹಾಳೆ ತಿರುಗಿಸುವವನು ಓದುಗ, ಹೆದರಿಕೊಂಡೇ ತಿರುಗಿಸುತ್ತಾನೆ. ಆದರೆ ನಿನ್ನ ಓದುಗರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಓದುವವರು. ಅಲ್ಲಿ ತಿರುಗಿಸುವ ಹಾಳೆಯೇ ಇಲ್ಲ. ಅಲ್ಲಿಗೆ ಬರೆಯುವುದಾದರೆ ಎರಡು ಚಿತ್ರಗಳ ನಡುವೆ ಉದ್ದನೆಯ ಖಾಲಿ ಜಾಗ ಬಿಡು. ಬೆರಳು ಎಳೆಯುತ್ತಾ ಹೋಗಬೇಕು, ಏನೂ ಬರಬಾರದು, ಇನ್ನೂ ಏನೂ ಬರಬಾರದು. ಎರಡಕ್ಕೂ ಒಂದೇ ಸ್ಕ್ರಿಪ್ಟ್ ಆಗುವುದಿಲ್ಲ. ಯಾವುದು ಅಂತ ಈಗಲೇ ತೀರ್ಮಾನಿಸು.

ಕಾಪಿರೈಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೇರಿ ಶೆಲ್ಲಿಯ ಕಾದಂಬರಿ, 1897ರ ಡ್ರಾಕುಲಾ ಎರಡನ್ನೂ ಯಾರು ಬೇಕಾದರೂ ಬಳಸಬಹುದು. ಚಪ್ಪಟೆ ತಲೆ, ಕುತ್ತಿಗೆಗೆ ಬೋಲ್ಟ್ ಇರುವ ರೂಪ ಮಾತ್ರ 1931ರ ಯೂನಿವರ್ಸಲ್ ಸಿನಿಮಾದ್ದು, ಅದನ್ನು ಮುಟ್ಟಬೇಡ. ಮುಟ್ಟುವ ಅಗತ್ಯವೂ ಇಲ್ಲ. ಕಾದಂಬರಿಯಲ್ಲಿ ಅವನಿಗೆ ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು. ಇಂಗ್ಲಿಷ್ ಕವಿ ಮಿಲ್ಟನ್ನನನ್ನು ಓದಿಕೊಂಡವನು, ಸೊಗಸಾಗಿ ಮಾತಾಡುವವನು. ಬರ್ನಿ ರೈಟ್ಸನ್, ಹೌದು, ಅದೇ ಸ್ವಾಂಪ್ ಥಿಂಗ್ ಬಿಡಿಸಿದವರು, ಸುಮಾರು ಏಳು ವರ್ಷ ಬಿಡುವಿನ ಹೊತ್ತಿನಲ್ಲಿ ಕೂತು ಪೆನ್ನು ಶಾಯಿಯಲ್ಲಿ ಈ ಕಾದಂಬರಿಗೆ ಚಿತ್ರ ಬರೆದರು. 1983ರಲ್ಲಿ ಪುಸ್ತಕವಾಯಿತು. ಅದರಲ್ಲಿ ಬೋಲ್ಟ್ ಇಲ್ಲ. ಲ್ಯಾಬಿನ ಚಿತ್ರ ಒಂದಿದೆ, ಗಾಜಿನ ಸೀಸೆಗಳನ್ನು ಒಂದೊಂದಾಗಿ ನೋಡು. ನಿನ್ನ ಚಿತ್ರಕಾರ ಗೆಳತಿಗೂ ತೋರಿಸು.

ಈಗ ಮಾಡಬೇಕಾದ ಕೆಲಸ. ಲ್ಯಾಬಿನ ದೃಶ್ಯಗಳನ್ನು ಸದ್ಯಕ್ಕೆ ತೆಗೆದಿಡು. ವಾಚ್‌ಮನ್ನನಿಗೆ ಹೆಸರು ಕೊಡು, ಊರು ಕೊಡು, ಎಷ್ಟು ವರ್ಷದಿಂದ ನೈಟ್ ಡ್ಯೂಟಿ ಅಂತ ತೀರ್ಮಾನಿಸು. ಹುಡುಕಿಕೊಂಡು ಬರುವ ಅಕ್ಕ ಅವನ ಮುಂದೆ ನಿಂತು ತಮ್ಮನ ಕೈಯಲ್ಲಿದ್ದ ಹಚ್ಚೆಯ ಗುರುತು ಹೇಳುವ ತನಕ ರಾಕ್ಷಸನನ್ನು ತೋರಿಸಬೇಡ. ಎಂಟು ಪುಟ ಸಾಕು. ಸ್ವಾಂಪ್ ಥಿಂಗ್ ಕೂಡ ಮೊದಲು ಒಂದು ಸಣ್ಣ ಕತೆಯಾಗಿಯೇ ಬಂದದ್ದು. ಪ್ಯಾನೆಲ್ ವಿಂಗಡಿಸಿ, ಬಲೂನಿನ ಮಾತು ಬರೆದು ಕಳಿಸು. ಓದಿ ಆ ವಾರವೇ ಉತ್ತರ ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ