ಮುರುಗಲು ಸಸಿ ನೆಡುವವರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಈ ಮಳೆಗಾಲ ಮುರುಗಲು, ಅಂದರೆ ಪುನರ್ಪುಳಿ, ನೆಡುವವರು ದಯವಿಟ್ಟು ಇದನ್ನು ಓದಿ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಾದರೆ ಹೂ ಬಿಡುವವರೆಗೂ ಯಾವುದು ಏನೆಂದು ತಿಳಿಯುವುದಿಲ್ಲ. ಅದಕ್ಕೇ ಆರೇಳು ವರ್ಷ ಬೇಕು. ನಮ್ಮ ತೋಟದಲ್ಲಿ ಅಷ್ಟು ಕಾದ ಮೇಲೆ ಐದರಲ್ಲಿ ಮೂರು ಗಂಡಾದವು, ತುಂಬಾ ಬೇಸರವಾಯಿತು. ಹಾಗಾಗಿ ಹೆಣ್ಣು ಮರದ ಕಸಿ ಸಸಿಯನ್ನೇ ಕೇಳಿ ತನ್ನಿ. ಪರಾಗಕ್ಕೆ ಒಂದು ಗಂಡೂ ಇರಲಿ.

ಹುಳಿ ಹಣ್ಣು ಬಿಡುವ ನಮ್ಮ ಉಪ್ಪಾಗೆ ಮರ, ಪೇಟೆಯ ಮ್ಯಾಂಗೋಸ್ಟೀನ್ ಎರಡೂ ಇದರ ಹತ್ತಿರದ ನೆಂಟರು, ಕ್ಲೂಸಿಯೇಸಿ ಕುಟುಂಬದವು. ಉಪ್ಪಾಗೆಯ ತೊಗಟೆ ಗೀರಿದರೆ ಹಳದಿ ಅಂಟು ಒಸರುತ್ತದೆ, ನೋಡಿ.

ಸಿಪ್ಪೆ ಒಣಗಿಸಿ ಬೀಜ ಎಸೆಯಬೇಡಿ. ಅದರಿಂದ ತೆಗೆಯುವ ಮುರುಗಲು ತುಪ್ಪ ಒಡೆದ ಹಿಮ್ಮಡಿಗೆ ಬಹಳ ಒಳ್ಳೆಯದು.