ಸಂಬಳವೋ ಫೀಸೋ, ತೀರ್ಮಾನ ಯಾರದು?

ಸಂಪಾದಕರೇ,

ಕಾಂಟ್ರಾಕ್ಟ್ ಮೇಲೆ ದುಡಿಯುವವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಅವರು ತರುವ ಅಗ್ರಿಮೆಂಟ್‌ಗಳಲ್ಲಿ ‘ಇದರಿಂದ ಮಾಲೀಕ–ನೌಕರ ಸಂಬಂಧ ಉಂಟಾಗುವುದಿಲ್ಲ’ ಎಂಬ ಸಾಲು ಸಾಮಾನ್ಯ. ಪುಟ ತಿರುಗಿಸಿದರೆ ಬೇರೆಯೇ ಕಥೆ. ಬೆಳಿಗ್ಗೆ ಒಂಬತ್ತೂವರೆಗೆ ಹೆಬ್ಬೆಟ್ಟು ಒತ್ತಬೇಕು. ರಜೆಗೆ ಮ್ಯಾನೇಜರ್ ಒಪ್ಪಿಗೆ ಬೇಕು. ಬೇರೆ ಕಡೆ ಕೆಲಸ ಮಾಡಕೂಡದು. ನೌಕರಿ ಅಂದರೆ ಇನ್ನೇನು ಮತ್ತೆ?

ತಿಂಗಳಿಗೆ 40 ಸಾವಿರ ಸಂಬಳ ಇರುವವರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದೇ ಇಲ್ಲ. ಅದೇ ಹಣ ‘ಪ್ರೊಫೆಷನಲ್ ಫೀಸ್’ ಹೆಸರಲ್ಲಿ ಬಂದರೆ ಶೇ 10 ಕಡಿತ. ತಿಂಗಳಿಗೆ 4 ಸಾವಿರ, ವರ್ಷಕ್ಕೆ 48 ಸಾವಿರ. ಬೇರೆ ಆದಾಯ ಇಲ್ಲದಿದ್ದರೆ ಅವರು ಕಟ್ಟಬೇಕಾದ ತೆರಿಗೆ ಮಾತ್ರ ಸೊನ್ನೆ! ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ, ನಿಜ. ಮನೆ ಬಾಡಿಗೆ ಅಲ್ಲಿಯವರೆಗೆ ಕಾಯುತ್ತದೆಯೇ? ಪಿಎಫ್, ಗ್ರಾಚ್ಯುಟಿ ಮಾತಂತೂ ಎತ್ತುವ ಹಾಗೇ ಇಲ್ಲ. ಸಾಲಕ್ಕೆ ಹೋದರೆ ಬ್ಯಾಂಕಿನವರು ಫಾರ್ಮ್ 16 ಅಂತ ರೂಢಿಯಲ್ಲಿರುವ ಸಂಬಳದ ಟಿಡಿಎಸ್ ಸರ್ಟಿಫಿಕೇಟ್ ಕೇಳುತ್ತಾರೆ, ಇವರ ಕೈಯಲ್ಲಿರುವುದು ಫೀಸ್ ಪಡೆದವರಿಗೆ ಕೊಡುವ ಬೇರೆ ಸರ್ಟಿಫಿಕೇಟ್.

ಎಲ್ಲರಿಗೂ ನಷ್ಟ ಅಂತಲ್ಲ. ವರ್ಷಕ್ಕೆ 20 ಲಕ್ಷ ಫೀಸ್ ಪಡೆಯುವ ಇಂಜಿನಿಯರ್, 44ಎಡಿಎ ಅಂತ ಎಲ್ಲರೂ ಕರೆಯುವ ಸವಲತ್ತಿನಲ್ಲಿ ಅರ್ಧವನ್ನಷ್ಟೇ ಆದಾಯ ಎಂದು ತೋರಿಸಬಹುದು. ಹಾಗೆ ತೋರಿಸಿದ 10 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಅಂಥವರು ಯಾಕೆ ದೂರು ಕೊಡುತ್ತಾರೆ? ಆದರೆ ಈ ಸವಲತ್ತು ಕೆಲವೇ ವೃತ್ತಿಗಳಿಗೆ. ಡೇಟಾ ಎಂಟ್ರಿ ಮಾಡುವ ಹುಡುಗಿಗೆ ಇದು ಸಿಗುವುದಿಲ್ಲ.

ಹಾಗಂತ ಯಾರು ನೌಕರ, ಯಾರು ಅಲ್ಲ ಅನ್ನುವುದು ಕೋರ್ಟುಗಳಿಗೆ ಹೊಸ ಪ್ರಶ್ನೆಯೇನಲ್ಲ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಎಂಬ ಹೊಲಿಗೆ ಅಂಗಡಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಲ್ಲಿನ ದರ್ಜಿಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಬೇರೆಯವರಿಗೂ ಹೊಲಿದುಕೊಡಬಹುದಿತ್ತು. ಆದರೆ ಹೊಲಿಗೆ ಯಂತ್ರ ಅಂಗಡಿಯದು. ಹೇಳಿದ ಹಾಗೆ ಹೊಲಿಯದಿದ್ದರೆ ಬಿಚ್ಚಿ ಮತ್ತೆ ಹೊಲಿಸುವ ಅಧಿಕಾರವೂ ಅಂಗಡಿಯವನದೇ. ಅವರು ನೌಕರರೇ ಎಂದಿತು ಕೋರ್ಟು. ಇವತ್ತು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ, ಕಂಪನಿ ಹೇಳಿದ ಹೊತ್ತಿಗೆ ಕೂರುವ ‘ಕನ್ಸಲ್ಟೆಂಟ್’ಗೆ ಆ ದರ್ಜಿಗಳಿಗಿದ್ದಷ್ಟು ಸ್ವಾತಂತ್ರ್ಯವೂ ಇಲ್ಲ ಅಲ್ವಾ? ಆದರೂ ಟಿಡಿಎಸ್ ವಿಷಯದಲ್ಲಿ ಕಂಪನಿಯ ಅಕೌಂಟೆಂಟ್ ಯಾವ ಕಾಲಂನಲ್ಲಿ ತುಂಬಿದರೋ ಅದೇ ನಡೆಯುತ್ತದೆ. ಆ ತೀರ್ಮಾನಕ್ಕೆ ಕಾರಣ ಬರೆದುಕೊಡುವ ಕಟ್ಟುಪಾಡು ಅವರಿಗಿಲ್ಲ.

ಬ್ರಿಟನ್ನಿನಲ್ಲಿ ಸ್ವಂತ ಕಂಪನಿ ಮಾಡಿಕೊಂಡು ಕಾಂಟ್ರಾಕ್ಟ್ ಹಿಡಿಯುವವರಿಗೆ ಐಆರ್35 ಎಂಬ ತೆರಿಗೆ ನಿಯಮವಿದೆ: ನೌಕರನ ಹಾಗೆ ದುಡಿದರೆ ತೆರಿಗೆಯೂ ನೌಕರನ ಹಾಗೇ. ಮೊದಮೊದಲು ತಾನು ನೌಕರನ ಹಾಗೆ ದುಡಿಯುತ್ತಿದ್ದೇನೋ ಇಲ್ಲವೋ ಎಂದು ಕಾಂಟ್ರಾಕ್ಟರೇ ಹೇಳಬೇಕಿತ್ತು. ಆ ಹೊಣೆ 2017ರಲ್ಲಿ ಸರ್ಕಾರಿ ಸಂಸ್ಥೆಗಳಿಗೆ, 2021ರಲ್ಲಿ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳಿಗೆ ಹೋಯಿತು. ಈಗ ಕೆಲಸ ಕೊಡುವವರೇ ತೀರ್ಮಾನಿಸಿ, ಕಾರಣವನ್ನು ಬರೆದುಕೊಡಬೇಕು. ಕಾಂಟ್ರಾಕ್ಟರ್ ತಕರಾರು ಎತ್ತಿದರೆ 45 ದಿನದೊಳಗೆ ಉತ್ತರಿಸಬೇಕು. ಅಲ್ಲೂ ಗೊಣಗಾಟ ಇದೆ, ಕೆಲವು ಕಂಪನಿಗಳು ಸುಮ್ನೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದವು. ಆದರೂ ಕೇಳಿದರೆ ಉತ್ತರ ಸಿಗುವ ಒಂದು ದಾರಿ ಇದೆ.

ನಮ್ಮಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ ಎಂದು ಗೊತ್ತುಮಾಡಿದರು. ಪ್ರೊಫೆಷನಲ್ ಫೀಸ್ ಮೇಲೆ ಟಿಡಿಎಸ್ ಹಿಡಿಯುವ, 194ಜೆ ಎಂದು ಬಾಯಿಪಾಠವಾಗಿದ್ದ ಕಲಂನ ನಂಬರ್ ಬದಲಾಯಿತು, ತೊಡಕು ಬದಲಾಗಲಿಲ್ಲ. ಇಲ್ಲಿಯೂ ಮೊದಲ ಫೀಸ್ ಕೊಡುವಾಗಲೇ, ಇದು ಯಾಕೆ ಸಂಬಳ ಅಲ್ಲ ಎಂದು ಕಂಪನಿ ಒಂದು ಪುಟ ಬರೆದುಕೊಡಲಿ. ಬರೆದುಕೊಡದಿದ್ದರೆ ಆ ಹಣವನ್ನು ಸಂಬಳ ಎಂದೇ ಲೆಕ್ಕ ಹಾಕಲಿ.

– ಒಬ್ಬ ತೆರಿಗೆ ಸಲಹೆಗಾರ